ಪಾರ್ಟ್ ಟೈಮ್ ಕೆಲಸಕ್ಕೆ ಮರಳುವಾಗ ಪುಟ್ಟ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ: ಹಂತ ಹಂತವಾಗಿ

ಮಗುವಿಗೆ ಒಂದೋ ಎರಡೋ ವರ್ಷ ಆಗಿದೆ. ಪೂರ್ತಿ ದಿನದ ಕೆಲಸ ಈಗಲೇ ಬೇಡ, ವಾರಕ್ಕೆ 20 ಗಂಟೆ ಸಾಕು ಅಂತ ನಿರ್ಧಾರ ಮಾಡಿದ್ದೀರಿ. ಕೇಳಿದವರೆಲ್ಲ "ಅರ್ಧ ದಿನ ತಾನೇ, ಹೇಗೋ ಆಗುತ್ತೆ ಬಿಡು" ಅನ್ನುತ್ತಾರೆ. ವ್ಯವಸ್ಥೆ ಮಾಡಲು ಕೂತಾಗಲೇ ಗೊತ್ತಾಗುವುದು, ಇದು ಪೂರ್ತಿ ದಿನದ ಕೆಲಸಕ್ಕಿಂತ ತೊಡಕಿನದು ಅಂತ. ಡೇಕೇರ್‌ಗಳು ಸಾಮಾನ್ಯವಾಗಿ ಇಡೀ ದಿನದ ಸೀಟು ಕೊಡುತ್ತವೆ. ಮನೆಗೆ ಬಂದು ಮಗು ನೋಡಿಕೊಳ್ಳುವವರಿಗೆ ಇಡೀ ತಿಂಗಳ ಸಂಬಳ ಬೇಕು, ಅವರು ಕೇಳುವುದೂ ನ್ಯಾಯವೇ. ಆಫೀಸಿನವರು ಮಾತ್ರ "ಈ ವಾರ ಮಂಗಳವಾರದ ಬದಲು ಗುರುವಾರ ಬರ್ತೀರಾ?" ಅಂತ ಸುಲಭವಾಗಿ ಕೇಳಿಬಿಡುತ್ತಾರೆ.

ಬಹಳಷ್ಟು ಜನ ಮೊದಲು ಡೇಕೇರ್ ಹುಡುಕುತ್ತಾರೆ. ನಾನು ಹೇಳುವುದು, ಮೊದಲು ವಾರದ ಲೆಕ್ಕ ಗಟ್ಟಿ ಮಾಡಿಕೊಳ್ಳಿ, ಆಮೇಲೆ ಜಾಗ ಅಥವಾ ಜನ ಹುಡುಕಿ. ಯಾಕೆಂದರೆ ಈ ವಯಸ್ಸಿನ ಮಗುವಿಗೆ ಗಡಿಯಾರ ತಿಳಿಯುವುದಿಲ್ಲ. ಯಾರು ಬರುತ್ತಾರೆ, ಯಾವುದರ ನಂತರ ಯಾವುದು ಆಗುತ್ತದೆ, ಇಷ್ಟೇ ತಿಳಿಯುವುದು. ಅದೇ ಮುಖ, ಅದೇ ದಿನ, ಅದೇ ಕ್ರಮ ಇದ್ದರೆ ಆರು ಗಂಟೆಯನ್ನೂ ಆರಾಮವಾಗಿ ಕಳೆಯುತ್ತದೆ. ದಿನಕ್ಕೊಂದು ಕೈ ಬದಲಾದರೆ ಎರಡು ಗಂಟೆಯೂ ಅದಕ್ಕೆ ಜಾಸ್ತಿಯೇ.

ಹಂತ 1: ವಾರದ ಲೆಕ್ಕ ಹಾಕಿ

ಕೆಲಸದ ಗಂಟೆಗಳನ್ನಲ್ಲ, ಮಗು ನಿಮ್ಮಿಂದ ದೂರ ಇರುವ ಗಂಟೆಗಳನ್ನು ಎಣಿಸಿ. ಎರಡೂ ಬೇರೆ ಬೇರೆ.

ಒಂದು ಉದಾಹರಣೆ ನೋಡಿ. ವಾರಕ್ಕೆ 20 ಗಂಟೆ ಕೆಲಸ, ಹೋಗಲು 45 ನಿಮಿಷ, ಬರಲು 45 ನಿಮಿಷ, ಮಗುವನ್ನು ಬಿಡಲು ಮತ್ತು ಕರೆದುಕೊಳ್ಳಲು ತಲಾ 15 ನಿಮಿಷ ಅಂದುಕೊಳ್ಳಿ. ದಿನಕ್ಕೆ 4 ಗಂಟೆಯಂತೆ ಐದು ದಿನ ಹೋದರೆ ಮಗು ದಿನಕ್ಕೆ 6 ಗಂಟೆ, ವಾರಕ್ಕೆ 30 ಗಂಟೆ ಬೇರೆಯವರ ಜೊತೆ ಇರುತ್ತದೆ. ಅದೇ 20 ಗಂಟೆಯನ್ನು ಮೂರು ದಿನಕ್ಕೆ ಹಂಚಿದರೆ ದಿನಕ್ಕೆ 6 ಗಂಟೆ 40 ನಿಮಿಷ ಕೆಲಸ. ಅದಕ್ಕೆ ಅರ್ಧ ಗಂಟೆ ಊಟದ ಬಿಡುವು ಮತ್ತು ಓಡಾಟ ಸೇರಿಸಿದರೆ ದಿನಕ್ಕೆ 9 ಗಂಟೆ 10 ನಿಮಿಷ, ವಾರಕ್ಕೆ 27 ಗಂಟೆ 30 ನಿಮಿಷ. ವಾರದ ಮೊತ್ತ ಕಡಿಮೆ ಆಯಿತು, ಆದರೆ ಒಂದೊಂದು ದಿನವೂ ಉದ್ದವಾಯಿತು. ಮನೆಯಿಂದಲೇ ಕೆಲಸ ಅಂದರೆ ಓಡಾಟದ ಲೆಕ್ಕ ಹೋಗುತ್ತದೆ, ಆದರೆ ಮಗುವಿಗೆ ಬೇರೆ ಕೈ ಬೇಕೇ ಬೇಕು. ಮಗು ನಿದ್ದೆ ಮಾಡುವಾಗ ಕೆಲಸ ಮುಗಿಸುತ್ತೇನೆ ಎಂಬ ಯೋಜನೆಯನ್ನು ದಯವಿಟ್ಟು ಕೈಬಿಡಿ. ಅದು ಮಗುವಿಗೂ ಆಗುವುದಿಲ್ಲ, ಕೆಲಸಕ್ಕೂ ಆಗುವುದಿಲ್ಲ.

ಯಾವುದು ಒಳ್ಳೆಯದು? ಓಡಾಟ ಕಡಿಮೆ ಇದ್ದು, ದಿನಾ ಒಂದೇ ಹೊತ್ತಿಗೆ ಹೋಗಿ ಬರುವ ಹಾಗಿದ್ದರೆ ಎರಡು ವರ್ಷದ ಒಳಗಿನ ಮಗುವಿಗೆ ಐದು ಚಿಕ್ಕ ದಿನಗಳು ಹೊಂದುತ್ತವೆ. ಓಡಾಟ ಜಾಸ್ತಿ ಇದ್ದರೆ ಮೂರು ದಿನ ಮೇಲು, ಆದರೆ ಆ ಮೂರೂ ಒಟ್ಟಿಗೆ ಬರಲಿ. ಸೋಮ, ಮಂಗಳ, ಬುಧ ಹೋದ ಮಗು ಹೊಸ ಜಾಗಕ್ಕೆ ಹೊಂದಿಕೊಳ್ಳುವಷ್ಟು ಬೇಗ, ಸೋಮ, ಬುಧ, ಶುಕ್ರ ಹೋದ ಮಗು ಹೊಂದಿಕೊಳ್ಳುವುದಿಲ್ಲ. ನಡುವೆ ಒಂದೊಂದು ದಿನ ಬಿಟ್ಟರೆ ಪ್ರತಿ ಸಲವೂ ಹೊಸದಾಗಿ ಶುರು ಮಾಡಿದ ಹಾಗಾಗುತ್ತದೆ.

ಇನ್ನೊಂದು ಲೆಕ್ಕ ಮಧ್ಯಾಹ್ನದ ನಿದ್ದೆಯದು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯ ಪ್ರಕಾರ 1ರಿಂದ 2 ವರ್ಷದ ಮಗುವಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. 3 ಮತ್ತು 4 ವರ್ಷದವರಿಗೆ 10ರಿಂದ 13 ಗಂಟೆ. ಒಂದೂವರೆ ವರ್ಷದ ಹೊತ್ತಿಗೆ ಸಾಮಾನ್ಯವಾಗಿ ಹಗಲು ನಿದ್ದೆ ಒಂದೇ ಆಗಿ, ಮಧ್ಯಾಹ್ನಕ್ಕೆ ಬಂದು ನಿಲ್ಲುತ್ತದೆ. ನಿಮ್ಮ ಕೆಲಸ ಮಧ್ಯಾಹ್ನ ಒಂದಕ್ಕೆ ಮುಗಿಯುತ್ತದೆ ಅಂದುಕೊಳ್ಳಿ. ಕೇಳಲು ಚೆನ್ನಾಗಿದೆ. ಆದರೆ ಮಗುವನ್ನು ಕರೆದುಕೊಂಡು ಹೊರಡುವುದು ಸರಿಯಾಗಿ ಅದರ ನಿದ್ದೆಯ ಹೊತ್ತಿಗೆ. ದಾರಿಯಲ್ಲಿ ನಿಮ್ಮ ಹೆಗಲ ಮೇಲೆ ಇಪ್ಪತ್ತು ನಿಮಿಷ ತೂಕಡಿಸುತ್ತದೆ, ಮನೆ ಬಾಗಿಲಲ್ಲಿ ಎಚ್ಚರ ಆಗುತ್ತದೆ, ಆಮೇಲೆ ಏನು ಮಾಡಿದರೂ ಮಲಗುವುದಿಲ್ಲ, ಸಂಜೆ ಐದಕ್ಕೆ ರಚ್ಚೆ ಶುರು. ಇದನ್ನು ತಪ್ಪಿಸಲು ಎರಡೇ ದಾರಿ: ನಿದ್ದೆಗೆ ಮುಂಚೆ ಮನೆ ಸೇರುವ ಹಾಗೆ ಬೇಗ ಹೊರಡುವುದು, ಇಲ್ಲವೇ ಅಲ್ಲೇ ಮಲಗಿ ಎದ್ದ ಮೇಲೆ ಕರೆದುಕೊಳ್ಳುವುದು. ಕೆಲಸದ ಸಮಯ ಮಾತಾಡುವ ಮುಂಚೆಯೇ ಇದನ್ನು ಯೋಚಿಸಿ.

ಹಂತ 2: ಕೆಲಸದ ಕಡೆ ಮಾತಾಡಿ, ಬರೆಸಿಕೊಳ್ಳಿ

ಪಾರ್ಟ್ ಟೈಮ್ ಕೆಲಸದಲ್ಲಿ ಗಂಟೆಗಳ ಸಂಖ್ಯೆಗಿಂತ ಯಾವ ದಿನ, ಯಾವ ಹೊತ್ತು ಎಂಬುದು ಮುಖ್ಯ. "ವಾರಕ್ಕೆ 20 ಗಂಟೆ, ಅಗತ್ಯಕ್ಕೆ ತಕ್ಕಂತೆ" ಎಂದು ಬರೆದ ಪತ್ರ ಹಿಡಿದುಕೊಂಡು ಯಾವ ಡೇಕೇರ್‌ಗೂ ಹೋಗಲು ಆಗುವುದಿಲ್ಲ. ಇಂಥ ದಿನ, ಇಷ್ಟು ಗಂಟೆಯಿಂದ ಇಷ್ಟು ಗಂಟೆ ಅಂತ ಖಚಿತವಾಗಿ ಬರೆಸಿಕೊಳ್ಳಿ. ದಿನ ಬದಲಿಸಬೇಕಾದರೆ ಎಷ್ಟು ದಿನ ಮುಂಚೆ ಹೇಳಬೇಕು, ರಜೆಯ ದಿನ ಮೀಟಿಂಗ್ ಇಟ್ಟರೆ ಏನು, ಮಗುವಿಗೆ ಹುಷಾರಿಲ್ಲದಾಗ ಮನೆಯಿಂದ ಕೆಲಸ ಮಾಡಬಹುದೇ, ಇವೂ ಆ ಕಾಗದದಲ್ಲಿ ಇರಲಿ. ಬಾಯಿಮಾತಿನ ಒಪ್ಪಂದ ಮ್ಯಾನೇಜರ್ ಬದಲಾದ ದಿನವೇ ಮುಗಿಯುತ್ತದೆ.

ನಿಮ್ಮ ದೇಶದ ಕಾನೂನು ಏನು ಕೊಡುತ್ತದೆ ಅಂತಲೂ ನೋಡಿಕೊಳ್ಳಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1994ರ ಪಾರ್ಟ್ ಟೈಮ್ ಕೆಲಸದ ಒಡಂಬಡಿಕೆ, ಅರೆಕಾಲಿಕ ಕೆಲಸಗಾರರಿಗೂ ತಾರತಮ್ಯದ ವಿರುದ್ಧ ಪೂರ್ತಿ ಕಾಲದವರಷ್ಟೇ ರಕ್ಷಣೆ ಇರಬೇಕು ಎನ್ನುತ್ತದೆ. ಅದೇ ಸಂಘಟನೆಯ 2000ದ ಹೆರಿಗೆ ರಕ್ಷಣೆಯ ಒಡಂಬಡಿಕೆಯಲ್ಲಿ ಹಾಲುಣಿಸುವ ಬಿಡುವಿನ ಹಕ್ಕು ಇದೆ. ಇವು ಲಾಗೂ ಆಗುವುದು ಒಪ್ಪಿಕೊಂಡ ದೇಶಗಳಲ್ಲಿ. ಆದರೂ ಕೇಳುವಾಗ ನೀವು ಏನೋ ವಿಶೇಷ ಉಪಕಾರ ಬೇಡುತ್ತಿಲ್ಲ ಅಂತ ನಿಮಗೇ ಧೈರ್ಯ ಬರಲು ಇಷ್ಟು ತಿಳಿದಿದ್ದರೆ ಒಳ್ಳೆಯದು.

ಮಗು ಇನ್ನೂ ಎದೆಹಾಲು ಕುಡಿಯುತ್ತಿದ್ದರೆ ಕೆಲಸಕ್ಕಾಗಿ ಬಿಡಿಸುವ ಅಗತ್ಯ ಇಲ್ಲ. ಎರಡು ವರ್ಷ ಮತ್ತು ಅದರ ಆಚೆಗೂ ಮುಂದುವರಿಸಬಹುದು ಅಂತಲೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವರ್ಷ ದಾಟಿದ ಮಗು ಹಗಲಲ್ಲಿ ಊಟ ಮಾಡುತ್ತದೆ, ಹಾಗಾಗಿ ಬೆಳಗ್ಗೆ ಹೊರಡುವ ಮುಂಚೆ ಮತ್ತು ಬಂದ ಮೇಲೆ ಕೊಟ್ಟರೂ ಸಾಕಾಗಬಹುದು. ಹಿಂಡಿ ಇಡುವುದಾದರೆ, ತಾಜಾ ಹಾಲು 25 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಬಿಸಿಯ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ.

ಹಂತ 3: ಯಾರ ಕೈಗೆ?

ಪಾರ್ಟ್ ಟೈಮ್ ಇರುವವರಿಗೆ ಮಾತ್ರ ಸಿಗುವ ಒಂದು ಅನುಕೂಲ ಇದೆ. ಗಂಡ ಹೆಂಡತಿ ಇಬ್ಬರ ಕೆಲಸದ ಹೊತ್ತನ್ನು ಹಿಂದೆ ಮುಂದೆ ಮಾಡಿದರೆ ಹೊರಗಿನವರು ಬೇಕಾಗುವ ಗಂಟೆಗಳು ಅರ್ಧಕ್ಕೆ ಇಳಿಯಬಹುದು. ಒಬ್ಬರು ಬೆಳಗ್ಗೆ ಬೇಗ ಹೋಗಿ ಬೇಗ ಬರುವುದು, ಇನ್ನೊಬ್ಬರು ತಡವಾಗಿ ಹೋಗುವುದು. ಇದರಲ್ಲಿ ಇಬ್ಬರೂ ಒಟ್ಟಿಗೆ ಕೂತು ಮಾತಾಡಲು ಸಮಯವೇ ಸಿಗದ ಅಪಾಯ ಇದೆ. ಹಾಗಾಗಿ ವಾರದಲ್ಲಿ ಒಂದೆರಡು ದಿನಕ್ಕೆ ಮಾತ್ರ ಇಟ್ಟುಕೊಳ್ಳಿ.

ಅಜ್ಜಿ ತಾತ ಇದ್ದು, ಅವರೇ "ನಾವು ನೋಡ್ಕೋತೀವಿ" ಅಂದರೆ ಅದೃಷ್ಟ. ಆದರೂ ಅವರ ಜೊತೆಯೂ ಸ್ಪಷ್ಟವಾಗಿ ಮಾತಾಡಿ. ಎರಡು ವರ್ಷದ ಮಗು 11, 12 ಕಿಲೋ ತೂಗುತ್ತದೆ. ದಿನಕ್ಕೆ ಹತ್ತಾರು ಸಲ ಎತ್ತಿ ಇಳಿಸುವುದು ಮೊಣಕಾಲು, ಸೊಂಟ ನೋವಿನವರಿಗೆ ಸಣ್ಣ ಮಾತಲ್ಲ. ಅವರು ಬಾಯಿಬಿಟ್ಟು ಹೇಳುವುದಿಲ್ಲ. ನೀವೇ ಕೇಳಿ, "ಅಮ್ಮಾ, ವಾರಕ್ಕೆ ಎರಡು ದಿನ ಸಾಕಾ? ಉಳಿದ ದಿನಕ್ಕೆ ಬೇರೆ ಏನಾದರೂ ಮಾಡೋಣ." ಅವರ ಡಾಕ್ಟರ್ ಭೇಟಿ, ಮದುವೆ ಮುಂಜಿ, ಸುಮ್ನೆ ಮಲಗಿರಬೇಕು ಅನ್ನಿಸುವ ದಿನ, ಎಲ್ಲಕ್ಕೂ ಜಾಗ ಬಿಡಿ. ಟಿವಿ, ಸಿಹಿ, ನಿದ್ದೆ, ಈ ಮೂರು ವಿಷಯದಲ್ಲಿ ಏನು ಬೇಕೆಂದು ಮೊದಲೇ ಹೇಳಿ, ಮಿಕ್ಕಿದ್ದನ್ನು ಅವರ ರೀತಿಗೆ ಬಿಟ್ಟುಬಿಡಿ. ಹತ್ತು ಸೂಚನೆ ಕೊಟ್ಟರೆ ಯಾವುದೂ ಉಳಿಯುವುದಿಲ್ಲ.

ಹೊರಗಿನವರನ್ನೇ ಹುಡುಕಬೇಕಾದರೆ, ಅರ್ಧ ದಿನದ ಕೆಲಸ ಇರುವವರಿಗೆ ನಾನು ಮೊದಲು ಹೇಳುವ ಉಪಾಯ ಇದು: ನಿಮ್ಮಂತೆಯೇ ಪಾರ್ಟ್ ಟೈಮ್ ಕೆಲಸ ಮಾಡುವ ಇನ್ನೊಂದು ಮನೆ ಹುಡುಕಿ. ನಿಮಗೆ ಸೋಮವಾರದಿಂದ ಬುಧವಾರ, ಅವರಿಗೆ ಗುರುವಾರ, ಶುಕ್ರವಾರ. ಮಗು ನೋಡಿಕೊಳ್ಳುವ ಒಬ್ಬರನ್ನೇ ಎರಡೂ ಮನೆಯವರು ಹಂಚಿಕೊಂಡರೆ ಅವರಿಗೆ ಪೂರ್ತಿ ಸಂಬಳ, ನಿಮಗೆ ನಿಮ್ಮ ದಿನಗಳ ಖರ್ಚು ಮಾತ್ರ. ಪೂರ್ತಿ ಸಂಬಳ ಸಿಗುವವರು ಕೆಲಸ ಬಿಟ್ಟು ಹೋಗುವುದು ಕಡಿಮೆ. ಅರ್ಧ ಸಂಬಳಕ್ಕೆ ಬಂದವರು ಪೂರ್ತಿ ಕೆಲಸ ಸಿಕ್ಕ ದಿನ ಹೊರಡುತ್ತಾರೆ, ಅದು ಅವರ ತಪ್ಪಲ್ಲ. ಡೇಕೇರ್‌ನಲ್ಲೂ ಹೀಗೆ ಒಂದು ಸೀಟನ್ನು ಇಬ್ಬರು ಮಕ್ಕಳು ಹಂಚಿಕೊಳ್ಳಬಹುದೇ ಅಂತ ಕೇಳಿ. ತಾವಾಗಿ ಹೇಳದಿದ್ದರೂ, ಕೇಳಿದರೆ ಒಪ್ಪುವವರು ಇದ್ದಾರೆ.

ಡೇಕೇರ್ ಮತ್ತು ಮನೆಗೆ ಬರುವವರ ನಡುವೆ ಯಾವುದು ಎಂಬುದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ಡೇಕೇರ್‌ನಲ್ಲಿ ಒಬ್ಬರು ರಜೆ ಹಾಕಿದರೂ ಬಾಗಿಲು ತೆರೆದಿರುತ್ತದೆ, ಆದರೆ ಮಗುವಿಗೆ ಜ್ವರ ಬಂದರೆ ಸೇರಿಸುವುದಿಲ್ಲ. ಮನೆಗೆ ಬರುವವರು ಸಣ್ಣ ನೆಗಡಿ ಇದ್ದರೂ ನೋಡಿಕೊಳ್ಳುತ್ತಾರೆ, ಆದರೆ ಅವರಿಗೇ ಹುಷಾರು ತಪ್ಪಿದರೆ ನಿಮಗೆ ಯಾರೂ ಇಲ್ಲ. ಯಾವುದನ್ನು ಆರಿಸಿದರೂ ಇನ್ನೊಂದು ಕಡೆಯ ಕೊರತೆಗೆ ಸಿದ್ಧರಿರಬೇಕು.

ಖರ್ಚಿನ ಬಗ್ಗೆ ಒಂದು ಮಾತು. "ಅವಳ ಸಂಬಳ ಎಲ್ಲ ಡೇಕೇರ್‌ಗೇ ಹೋಗುತ್ತೆ, ಯಾಕೆ ಕೆಲಸಕ್ಕೆ ಹೋಗಬೇಕು?" ಎಂಬ ಪ್ರಶ್ನೆ ಸುಮಾರು ಮನೆಗಳಲ್ಲಿ ಬರುತ್ತದೆ. ಈ ಲೆಕ್ಕವೇ ತಪ್ಪು. ಮಗು ಇಬ್ಬರದೂ. ಖರ್ಚನ್ನು ಇಡೀ ಮನೆಯ ಆದಾಯದಿಂದ ಕಳೆಯಬೇಕು, ತಾಯಿಯ ಸಂಬಳದಿಂದ ಮಾತ್ರ ಅಲ್ಲ. ಲೆಕ್ಕ ಹಾಕುವಾಗ ಪ್ರವೇಶ ಶುಲ್ಕ, ತಡವಾಗಿ ಬಂದರೆ ಕಟ್ಟುವ ದಂಡ, ಮಗು ಹೋಗದ ದಿನಕ್ಕೂ ಕೊಡುವ ಹಣ, ಡೇಕೇರ್ ರಜೆ ಇರುವ ವಾರಗಳು, ಓಡಾಟದ ಖರ್ಚು, ಎಲ್ಲ ಸೇರಿಸಿ.

ಹಂತ 4: ಹೋಗಿ ನೋಡಿ, ಕಣ್ಣು ತೆರೆದು ನೋಡಿ

ಗೋಡೆಯ ಚಿತ್ರ, ಬಣ್ಣದ ಆಟಿಕೆ ನೋಡಿ ಮರುಳಾಗಬೇಡಿ. ಮೊದಲು ಎಣಿಸಬೇಕಾದ್ದು ಕೈಗಳನ್ನು. ಇಂಗ್ಲೆಂಡಿನ ಡೇಕೇರ್ ನಿಯಮದಲ್ಲಿ ಎರಡು ವರ್ಷದ ಒಳಗಿನ 3 ಮಕ್ಕಳಿಗೆ ಒಬ್ಬರು ಇರಬೇಕು. ಎರಡು ವರ್ಷದವರಾದರೆ 5 ಮಕ್ಕಳಿಗೆ ಒಬ್ಬರು. 2023ಕ್ಕೆ ಮುಂಚೆ ಇದು 4 ಮಕ್ಕಳಿಗೆ ಒಬ್ಬರು ಅಂತಿತ್ತು. ನಿಮ್ಮಲ್ಲಿ ನಿಯಮ ಏನೇ ಇರಲಿ, ಅಳತೆಗೆ ಇದು ನೆನಪಿರಲಿ: ಈ ವಯಸ್ಸಿನ ನಾಲ್ಕೈದು ಮಕ್ಕಳಿಗಿಂತ ಜಾಸ್ತಿ ಒಬ್ಬರ ಪಾಲಿಗೆ ಬಂದರೆ ಅವರಿಂದ ಕಾಯಲು ಆಗುತ್ತದೆಯೇ ಹೊರತು ನೋಡಿಕೊಳ್ಳಲು ಆಗುವುದಿಲ್ಲ. ಅಡುಗೆ ಮಾಡುವವರನ್ನು, ಆಫೀಸಿನಲ್ಲಿ ಕೂರುವವರನ್ನು ಲೆಕ್ಕಕ್ಕೆ ಸೇರಿಸಬೇಡಿ. ಮಧ್ಯಾಹ್ನ ಮಕ್ಕಳು ಮಲಗಿದಾಗ ಮತ್ತು ಸಂಜೆ ಮುಚ್ಚುವ ಹೊತ್ತಿಗೆ ಕೋಣೆಯಲ್ಲಿ ಎಷ್ಟು ಜನ ಇರುತ್ತಾರೆ ಅಂತ ಕೇಳಿ. ಕೊರತೆ ಕಾಣುವುದು ಆಗಲೇ.

ಒಂದು ಗಂಟೆಯಾದರೂ ಒಂದು ಮೂಲೆಯಲ್ಲಿ ಕೂರಿ. ಏನು ನೋಡಬೇಕು ಅಂದರೆ, ಒಂದು ಮಗು ಚಪ್ಪಲಿ ಹಾಕಿಕೊಳ್ಳಲು ಒಲ್ಲೆ ಅಂತ ನೆಲದ ಮೇಲೆ ಬಿದ್ದು ಕಾಲು ಬಡಿಯುತ್ತಿದೆ ಅಂದುಕೊಳ್ಳಿ. ನೋಡಿಕೊಳ್ಳುವವರು ದೂರದಿಂದಲೇ "ಏಯ್, ಏಳು" ಅಂತಾರಾ? ಎತ್ತಿ ಬಲವಂತವಾಗಿ ಚಪ್ಪಲಿ ತುರುಕುತ್ತಾರಾ? ಅಥವಾ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಮಗುವಿನ ಮುಖ ನೋಡಿ, "ಚಪ್ಪಲಿ ಬೇಡ್ವಾ? ಹೊರಗೆ ಬಿಸಿ ಇದೆ ಕಂದ. ಈ ಕಾಲು ಮೊದಲಾ, ಆ ಕಾಲು ಮೊದಲಾ?" ಅಂತ ಕೇಳಿ, ಸ್ವಲ್ಪ ಕಾಯುತ್ತಾರಾ? ಈ ಒಂದು ನಿಮಿಷ ಆ ಜಾಗದ ಬಗ್ಗೆ ಹೇಳುವಷ್ಟನ್ನು ಅವರು ಕೊಡುವ ಕಿರುಪುಸ್ತಕ ಹೇಳುವುದಿಲ್ಲ. ಡೈಪರ್ ಬದಲಿಸುವಾಗ ಮಗುವಿನ ಜೊತೆ ಮಾತಾಡುತ್ತಾರಾ, ಬದಲಿಸಿದ ಮೇಲೆ ಸೋಪು ಹಾಕಿ ಕೈ ತೊಳೆಯುತ್ತಾರಾ, ಅದನ್ನೂ ನೋಡಿ.

ಆಮೇಲೆ ಕೇಳಬೇಕಾದ್ದು, "ನನ್ನ ಮಗುವನ್ನು ನೋಡಿಕೊಳ್ಳುವವರು ಯಾರು? ಅವರು ಇಲ್ಲಿ ಎಷ್ಟು ಕಾಲದಿಂದ ಇದ್ದಾರೆ? ನನ್ನ ಮಗು ಬರುವ ದಿನಗಳಲ್ಲೆಲ್ಲ ಅವರೇ ಇರುತ್ತಾರಾ?" ಪಾರ್ಟ್ ಟೈಮ್ ಮಗುವಿಗೆ ಈ ಕೊನೆಯ ಪ್ರಶ್ನೆ ಬಹಳ ಮುಖ್ಯ. ವಾರಕ್ಕೆ ಮೂರು ದಿನ ಹೋಗುವ ಮಗುವಿಗೆ ಆ ಮೂರು ದಿನದಲ್ಲಿ ಮೂರು ಮುಖ ಸಿಕ್ಕರೆ ಯಾರನ್ನೂ ನೆಚ್ಚಲು ಆಗುವುದಿಲ್ಲ.

ಸುರಕ್ಷತೆಯಲ್ಲಿ ರಾಜಿ ಬೇಡ. ಗೇಟು ಮಗುವಿನ ಕೈಗೆ ತೆರೆಯುವಂತಿರಬಾರದು. ನೀರು ತುಂಬಿದ ಬಕೆಟ್ ಎಲ್ಲೂ ಇರಬಾರದು, ಒಂದೆರಡು ಇಂಚು ನೀರಿದ್ದರೂ ಪುಟ್ಟ ಮಗು ಮುಳುಗಬಹುದು. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿಯೇ ಕೊಡಬೇಕು, ಇಡೀ ಬಾದಾಮಿ, ಕಡಲೆಬೀಜದಂಥ ಗಟ್ಟಿ ಬೀಜ ಕೊಡಲೇಬಾರದು. "ಮಗುವಿನ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡು ಉಸಿರು ಕಟ್ಟಿದರೆ ಏನು ಮಾಡ್ತೀರಿ?" ಅಂತ ನೇರವಾಗಿ ಕೇಳಿ. ವರ್ಷ ದಾಟಿದ ಮಗುವಿಗೆ, ಕೆಮ್ಮಲೂ ಆಗದಿದ್ದಾಗ, ಬೆನ್ನಿನ ಮೇಲೆ ಹೆಗಲ ಮೂಳೆಗಳ ನಡುವೆ 5 ಏಟು, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲ್ಭಾಗವನ್ನು 5 ಸಲ ಒಳಕ್ಕೂ ಮೇಲಕ್ಕೂ ಒತ್ತುವುದು, ಜೊತೆಗೆ ಆಂಬುಲೆನ್ಸ್ ಕರೆಸುವುದು. ತಡವರಿಸದೆ ಉತ್ತರ ಬರಬೇಕು. ಇದನ್ನು ನೀವೂ ಒಂದು ಪ್ರಥಮ ಚಿಕಿತ್ಸೆ ತರಗತಿಯಲ್ಲಿ ಕೈಯಾರೆ ಮಾಡಿ ಕಲಿಯಿರಿ.

ಟಿವಿ ಎಲ್ಲಿದೆ ಅಂತ ನೋಡಿ. ಒಂದು ವರ್ಷದ ಮಗುವಿಗೆ ಸ್ಕ್ರೀನ್ ಮುಂದೆ ಕೂರಿಸುವುದೇ ಬೇಡ, ಎರಡು ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆ ಆದಷ್ಟೂ ಒಳ್ಳೆಯದು, ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅದೇ 2019ರ ಮಾರ್ಗಸೂಚಿ ಹೇಳುತ್ತದೆ. ದಿನಕ್ಕೆ ಕನಿಷ್ಠ 180 ನಿಮಿಷ ಓಡಾಟ, ಆಟ ಇರಬೇಕು ಅಂತಲೂ ಹೇಳುತ್ತದೆ. ಓಡಲು ಜಾಗ ಇದೆಯೇ?

ಹೇಳದೆ ಕೇಳದೆ ಯಾವಾಗ ಬೇಕಾದರೂ ಬರಬಹುದೇ ಅಂತ ಕೇಳಿ. ಬೇಡ ಅಂದರೆ ಮುಂದಿನ ಜಾಗ ನೋಡಿ.

ಹಂತ 5: ಮನೆಗೆ ಬರುವವರನ್ನು ಗೊತ್ತು ಮಾಡುವಾಗ

"ಮಕ್ಕಳು ಅಂದ್ರೆ ಇಷ್ಟನಾ?" ಎಂಬ ಪ್ರಶ್ನೆಗೆ ಎಲ್ಲರೂ ಹೌದು ಅನ್ನುತ್ತಾರೆ. "ಊಟದ ತಟ್ಟೆ ತಳ್ಳಿ ಬೇಡ ಅಂದ್ರೆ ಏನ್ ಮಾಡ್ತೀರಿ?" "ಅರ್ಧ ಗಂಟೆ ಆದರೂ ಅಳು ನಿಲ್ಲಿಸದಿದ್ದರೆ?" ಅಂತ ಕೇಳಿ. ಹಿಂದೆ ಕೆಲಸ ಮಾಡಿದ ಮನೆಯವರ ಜೊತೆ ಫೋನಿನಲ್ಲಿ ಮಾತಾಡಿ, "ನೀವು ಮತ್ತೆ ಅವರನ್ನು ಕರೆಯುತ್ತೀರಾ?" ಅಂತ ಕೇಳಿ. ಆ ಉತ್ತರಕ್ಕೆ ಮುಂಚೆ ಬರುವ ಮೌನವನ್ನೂ ಗಮನಿಸಿ. ಗುರುತಿನ ದಾಖಲೆ ನೋಡಿ. ಕೆಲವು ದಿನ ನೀವು ಮನೆಯಲ್ಲಿರುವಾಗಲೇ ಬರಲು ಹೇಳಿ, ಆ ದಿನಗಳಿಗೂ ಸಂಬಳ ಕೊಡಿ.

ಕೆಲಸ ಏನು, ಏನಲ್ಲ ಎಂಬುದನ್ನು ಬರೆದಿಡಿ. ಮಗುವಿನ ಊಟ, ಸ್ನಾನ, ಮಗುವಿನ ಬಟ್ಟೆ ಸರಿ. ಇಡೀ ಮನೆಯ ಅಡುಗೆ, ಪಾತ್ರೆ ಸೇರಿಸಿದರೆ ಮಗುವಿನ ಮೇಲಿನ ಕಣ್ಣು ತಪ್ಪುವುದು ಖಂಡಿತ. ನಿಮಗೆ ರಜೆ ಇದೆ ಅಂತ ಒಂದು ದಿನ ಬೇಡ ಅಂದರೂ ಆ ದಿನದ ಸಂಬಳ ಕೊಡಿ, ಅವರು ಆ ದಿನವನ್ನು ನಿಮಗಾಗಿ ಇಟ್ಟಿದ್ದರು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2011ರ ಮನೆಗೆಲಸದವರ ಒಡಂಬಡಿಕೆ ವಾರಕ್ಕೆ ಸತತ 24 ಗಂಟೆಯಾದರೂ ಬಿಡುವು ಕೊಡಬೇಕು ಅನ್ನುತ್ತದೆ. ಎರಡು ಮನೆಯವರು ಹಂಚಿಕೊಂಡಾಗ ಈ ಬಿಡುವನ್ನು ಇಬ್ಬರೂ ಸೇರಿ ಕಾಪಾಡಬೇಕು. ಕ್ಯಾಮೆರಾ ಇಡುವುದಾದರೆ ಅವರಿಗೆ ಹೇಳಿ ಇಡಿ. ಕದ್ದು ನೋಡುವ ಮನೆಯಲ್ಲಿ ಯಾರಿಗೂ ಪ್ರೀತಿಯಿಂದ ಕೆಲಸ ಮಾಡಲು ಆಗುವುದಿಲ್ಲ.

ಹಂತ 6: ನಿಧಾನವಾಗಿ ಒಗ್ಗಿಸಿ

ಇದಕ್ಕೆ ಕೆಲಸ ಶುರುವಾಗುವ ಮುಂಚೆ ಮೂರು ನಾಲ್ಕು ವಾರ ಬೇಕು. ಎಲ್ಲರೂ ಸಮಯ ಉಳಿಸಲು ನೋಡುವುದು ಇಲ್ಲೇ. ಉಳಿಸಲೇಬಾರದ ಜಾಗವೂ ಇದೇ.

ಅಮ್ಮ ಅಪ್ಪ ಕಣ್ಣಿಗೆ ಕಾಣದಿದ್ದರೆ ಆಗುವ ದಿಗಿಲು ಮಗುವಿಗೆ ಸುಮಾರು 8 ತಿಂಗಳಿಗೆ ಶುರುವಾಗುತ್ತದೆ. 10ರಿಂದ 18 ತಿಂಗಳ ನಡುವೆ ಹೆಚ್ಚಾಗಿದ್ದು, ಮೂರು ವರ್ಷದ ಹೊತ್ತಿಗೆ ಇಳಿಯುತ್ತದೆ. ಬಹುತೇಕ ಜನ ಕೆಲಸಕ್ಕೆ ಮರಳುವುದು ಸರಿಯಾಗಿ ಈ ಅವಧಿಯಲ್ಲೇ. ಹಾಗಾಗಿ ಮಗು ಅತ್ತರೆ ನಿಮ್ಮದೂ ತಪ್ಪಲ್ಲ, ಡೇಕೇರಿನದೂ ತಪ್ಪಲ್ಲ. ಅತ್ತಾಗ ಅಲ್ಲಿರುವವರ ಹೆಗಲಿಗೆ ಹೋಗಿ ಸಮಾಧಾನ ಆಗುತ್ತದೆಯೇ ಎಂಬುದೇ ನೋಡಬೇಕಾದ್ದು.

ಇದನ್ನೇ ಆಧಾರ ಮಾಡಿಕೊಂಡ ಒಂದು ಕ್ರಮ ಜರ್ಮನಿಯ ಡೇಕೇರ್‌ಗಳಲ್ಲಿದೆ. 1980ರ ದಶಕದಲ್ಲಿ ರೂಪುಗೊಂಡ ಅದಕ್ಕೆ ಬರ್ಲಿನ್ ಮಾದರಿ ಅಂತ ಹೆಸರು. ಮೊದಲ ಮೂರು ದಿನ ತಂದೆ ಅಥವಾ ತಾಯಿ, ಇಬ್ಬರಲ್ಲಿ ಒಬ್ಬರೇ, ಮಗುವಿನ ಜೊತೆ ಸುಮಾರು ಒಂದು ಗಂಟೆ ಅಲ್ಲಿ ಕೂತು ಮಗುವನ್ನು ಕರೆದುಕೊಂಡೇ ವಾಪಸ್ ಬರುತ್ತಾರೆ. ಈ ಮೂರು ದಿನ ಬಿಟ್ಟು ಹೋಗುವ ಮಾತೇ ಇಲ್ಲ. ನೀವು ಒಂದು ಮೂಲೆಯಲ್ಲಿ ಸುಮ್ನೆ ಕೂರಬೇಕು, "ಹೋಗು, ಆಡು" ಅಂತ ತಳ್ಳಬಾರದು. ನಾಲ್ಕನೇ ದಿನ ಸ್ವಲ್ಪ ಹೊತ್ತಿನ ಮೇಲೆ "ಹೋಗಿ ಬರ್ತೀನಿ" ಅಂತ ಹೇಳಿ ಕೋಣೆಯಿಂದ ಹೊರಗೆ ಬಂದು ಬಾಗಿಲ ಆಚೆಗೇ ಇರುತ್ತೀರಿ. ಮಗು ಸಮಾಧಾನವಾಗಿದ್ದರೆ, ಅಥವಾ ಅತ್ತು ಅಲ್ಲಿನವರ ಬಳಿ ಸುಮ್ಮನಾದರೆ, ಹೆಚ್ಚೆಂದರೆ ಅರ್ಧ ಗಂಟೆ ಹೊರಗಿರಬಹುದು. ಅಳು ನಿಲ್ಲದಿದ್ದರೆ ಎರಡು ಮೂರು ನಿಮಿಷಕ್ಕೇ ವಾಪಸ್. ಅಂಥ ಮಗುವಿಗೆ ಇನ್ನೂ ಕೆಲವು ದಿನ ಜೊತೆಗೇ ಇದ್ದು, ಆಮೇಲೆ ಮತ್ತೆ ಪ್ರಯತ್ನಿಸುತ್ತಾರೆ. ಕೆಲವರಿಗೆ ಒಂದು ವಾರ ಸಾಕು, ಕೆಲವರಿಗೆ ಎರಡು ಮೂರು ವಾರ. ಮೊದಲ ಬಿಡುವಿಕೆಯನ್ನು ಸೋಮವಾರ ಮಾಡುವುದಿಲ್ಲ, ಯಾಕೆಂದರೆ ಆಗಿದ್ದ ಪರಿಚಯ ಶನಿವಾರ, ಭಾನುವಾರದ ರಜೆಯಲ್ಲಿ ಮಸುಕಾಗಿರುತ್ತದೆ.

ಇದನ್ನು ಮನೆಗೆ ಬರುವವರ ಜೊತೆಗೂ ಹೀಗೇ ಮಾಡಬಹುದು. ಮುಂದೆ ವಾರಕ್ಕೆ ಮೂರೇ ದಿನ ಹೋಗುವ ಮಗುವಾದರೂ ಒಗ್ಗಿಸುವ ವಾರಗಳಲ್ಲಿ ದಿನಾ ಕರೆದುಕೊಂಡು ಹೋಗಿ ಅನ್ನುವುದು ನನ್ನ ಸಲಹೆ. ಇದೇ ಸಮಯಕ್ಕೆ ಎದೆಹಾಲು ಬಿಡಿಸುವುದು, ಟಾಯ್ಲೆಟ್ ಅಭ್ಯಾಸ ಮಾಡಿಸುವುದು, ಬೇರೆ ಹಾಸಿಗೆಯಲ್ಲಿ ಮಲಗಿಸುವುದು, ಯಾವುದೂ ಬೇಡ.

ಬಿಟ್ಟು ಹೋಗುವಾಗ ಮಗು ಆಟದಲ್ಲಿ ಮುಳುಗಿದೆ ಅಂತ ಕದ್ದು ಜಾರಿಕೊಳ್ಳಬೇಡಿ. ಆ ದಿನ ಅಳು ತಪ್ಪುತ್ತದೆ, ಆದರೆ ಅಮ್ಮ ಯಾವ ಕ್ಷಣದಲ್ಲಾದರೂ ಮಾಯ ಆಗಬಹುದು ಅಂತ ಮಗು ಕಲಿಯುತ್ತದೆ, ಮಾರನೇ ದಿನದಿಂದ ಸೆರಗು ಬಿಡುವುದಿಲ್ಲ. ದಿನಾ ಒಂದೇ ರೀತಿ ಹೊರಡಿ. ಚೀಲ ಗೂಟಕ್ಕೆ ಹಾಕುವುದು, ಒಂದು ಮುತ್ತು, ಒಂದು ಮಾತು. ಆ ಮಾತಿನಲ್ಲಿ ಗಂಟೆ ಬೇಡ, ಕ್ರಮ ಹೇಳಿ: "ಊಟ ಮಾಡಿ, ತಾಚಿ ಮಾಡಿ ಎದ್ದ ಮೇಲೆ ಅಮ್ಮ ಬರ್ತಾಳೆ." ಹೇಳಿದ ಮೇಲೆ ನಿಲ್ಲಬೇಡಿ, ಬಾಗಿಲಿನಿಂದ ಮೂರು ಸಲ ತಿರುಗಿ ಬರಬೇಡಿ. ಹೇಳಿದ ಹೊತ್ತಿಗೆ ಬಂದೇ ಬನ್ನಿ. ಮನೆಯ ವಾಸನೆ ಇರುವ ಒಂದು ಬಟ್ಟೆ ಅಥವಾ ಗೊಂಬೆ ಮಗುವಿನ ಜೊತೆ ಇರಲಿ.

ಸಂಜೆ ನೀವು ಬಂದ ಕೂಡಲೇ ಅಲ್ಲಿಯವರೆಗೆ ನಗುತ್ತಿದ್ದ ಮಗು ಜೋರಾಗಿ ಅಳಬಹುದು, ಮುಖ ತಿರುಗಿಸಬಹುದು. ಹೆದರಬೇಡಿ. ದಿನವೆಲ್ಲ ಹಿಡಿದಿಟ್ಟುಕೊಂಡಿದ್ದನ್ನು ನಿಮ್ಮ ಮುಂದೆ ಬಿಡುತ್ತಿದೆ, ಅಷ್ಟೇ. ಮನೆಗೆ ಬಂದ ಮೇಲೆ ಫೋನ್ ದೂರ ಇಟ್ಟು ಅರ್ಧ ಗಂಟೆ ನೆಲದ ಮೇಲೆ ಕೂತುಬಿಡಿ, ಅಡುಗೆ ಆಮೇಲೆ.

ಮಗುವನ್ನು ಬಿಟ್ಟು ಹೋಗುತ್ತಿದ್ದೇನಲ್ಲ ಅಂತ ಮನಸ್ಸು ಕೊರೆಯುತ್ತದೆ, ಅಲ್ವಾ? ಅಮೆರಿಕದಲ್ಲಿ 1991ರಲ್ಲಿ ಶುರುವಾಗಿ 1,300ಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಒಂದು ದೊಡ್ಡ ಸರ್ಕಾರಿ ಅಧ್ಯಯನ ಇದೆ. ನೋಡಿಕೊಳ್ಳುವ ಗುಣಮಟ್ಟ ಮುಖ್ಯ, ಆದರೆ ಮಗುವಿನ ಬೆಳವಣಿಗೆಯ ಮೇಲೆ ಅದಕ್ಕಿಂತ ಹೆಚ್ಚು ಪ್ರಭಾವ ಬೀರುವುದು ಮನೆ ಮತ್ತು ತಂದೆ ತಾಯಿ ಅಂತ ಅದು ಕಂಡುಕೊಂಡಿತು. ನೀವು ಕೆಲಸಕ್ಕೆ ಹೋದ ಗಂಟೆಗಳಲ್ಲಿ ನಿಮ್ಮ ಜಾಗ ಯಾರಿಗೂ ಹೋಗುವುದಿಲ್ಲ.

ಹಂತ 7: ಒಂದು ಹಾಳೆಯಲ್ಲಿ ಮಗುವಿನ ಪರಿಚಯ

ನೋಡಿಕೊಳ್ಳುವವರ ಕೈಗೆ ಒಂದೇ ಒಂದು ಹಾಳೆ ಕೊಡಿ. ಉದ್ದ ಬೇಡ. ಹೀಗಿರಲಿ:

"ನಿದ್ದೆ ಬಂದಾಗ ಕಿವಿ ಎಳೆದುಕೊಳ್ಳುತ್ತಾಳೆ, ಆಗ ಬೇಗ ಮಲಗಿಸಿ, ತಡವಾದರೆ ಹಠ. ಬೆನ್ನು ತಟ್ಟಬೇಕು, ತೂಗುವುದು ಬೇಡ. 'ಮಮ್ಮು' ಅಂದರೆ ನೀರು, ಊಟ ಅಲ್ಲ. ಜೋರು ಸದ್ದಿಗೆ ಹೆದರುತ್ತಾಳೆ, ಎತ್ತಿಕೊಂಡರೆ ಸಾಕು. ಮೊಟ್ಟೆ ತಿಂದರೆ ದದ್ದು ಏಳುತ್ತದೆ, ಕೊಡಲೇಬೇಡಿ. ಕರೆದುಕೊಂಡು ಹೋಗಲು ಬರಬಹುದಾದವರು ನಾವಿಬ್ಬರು ಮತ್ತು ಅಜ್ಜಿ ಮಾತ್ರ."

ಇದರ ಕೆಳಗೆ ನಿಮ್ಮಿಬ್ಬರ ಫೋನ್, ಡಾಕ್ಟರ್ ಫೋನ್, ನೀವಿಬ್ಬರೂ ಸಿಗದಿದ್ದರೆ ಯಾರಿಗೆ ಕರೆ ಮಾಡಬೇಕು ಎಂಬುದು. ಹಾಕಿಸಿದ ಲಸಿಕೆಗಳ ಕಾರ್ಡಿನ ಪ್ರತಿ. ಔಷಧಿ ಕೊಡಬೇಕಾದ ದಿನ ಹೆಸರು, ಪ್ರಮಾಣ, ಹೊತ್ತು ಬರೆದೇ ಕೊಡಿ, ಬಾಯಲ್ಲಿ ಹೇಳಿ ಹೋಗಬೇಡಿ.

ಹಂತ 8: ಹುಷಾರು ತಪ್ಪಿದ ದಿನಕ್ಕೆ ಯೋಜನೆ

ಈ ವಯಸ್ಸಿನ ಮಗುವಿಗೆ ವರ್ಷಕ್ಕೆ 8 ಸಲ, ಅದಕ್ಕೂ ಜಾಸ್ತಿ ನೆಗಡಿ ಬರುವುದು ಸಹಜ. ಡೇಕೇರ್ ಸೇರಿದ ಮೊದಲ ತಿಂಗಳುಗಳಲ್ಲಿ ಒಂದು ಮುಗಿಯುವಷ್ಟರಲ್ಲಿ ಇನ್ನೊಂದು. ಇದು ಬಂದೇ ಬರುತ್ತದೆ ಅಂತಲೇ ಯೋಜನೆ ಮಾಡಿ. ಇರುವ ರಜೆಯನ್ನೆಲ್ಲ ಮೊದಲೇ ಖರ್ಚು ಮಾಡಬೇಡಿ.

ಯಾವಾಗ ಕಳಿಸಬಾರದು ಅಂತ ಡೇಕೇರಿನ ನಿಯಮ ಓದಿಕೊಳ್ಳಿ. ಮೈ ಬಿಸಿ 38 ಡಿಗ್ರಿ ಸೆಲ್ಸಿಯಸ್ ಅಥವಾ ಜಾಸ್ತಿ ಇದ್ದರೆ ಜ್ವರ, ಅಂಥ ದಿನ ಮನೆಯಲ್ಲೇ ಇರಲಿ. ವಾಂತಿ ಭೇದಿ ನಿಂತ ಮೇಲೆ 48 ಗಂಟೆ ಕಾಯುವುದು ಒಳ್ಳೆಯ ಪದ್ಧತಿ. ಬೆಳಗ್ಗೆ ಜ್ವರದ ಔಷಧಿ ಕುಡಿಸಿ ಕಳಿಸಿದರೆ ನಾಲ್ಕು ಗಂಟೆ ಕಳೆಯುವಷ್ಟರಲ್ಲಿ ಫೋನ್ ಬರುತ್ತದೆ, ಅಷ್ಟರಲ್ಲಿ ಉಳಿದ ಮಕ್ಕಳಿಗೂ ಹರಡಿರುತ್ತದೆ.

ಮನೆಯಲ್ಲಿ ಯಾರು ನಿಲ್ಲುತ್ತಾರೆ ಎಂಬ ಪಟ್ಟಿಯನ್ನು ಬೆಳಗ್ಗೆ ಆರು ಗಂಟೆಗೆ ಜಗಳವಾಡುತ್ತಾ ಮಾಡಬೇಡಿ. ಈಗಲೇ ಬರೆದು ಅಂಟಿಸಿ. ಮೊದಲ ಸಲ ಒಬ್ಬರು, ಮುಂದಿನ ಸಲ ಇನ್ನೊಬ್ಬರು, ಅಥವಾ ಬೆಳಗ್ಗೆ ಒಬ್ಬರು ಮಧ್ಯಾಹ್ನ ಇನ್ನೊಬ್ಬರು. ಆಮೇಲೆ ಅಜ್ಜಿ ತಾತ, ಆಮೇಲೆ ಮಗುವಿಗೆ ಪರಿಚಯ ಇರುವ ಪಕ್ಕದ ಮನೆಯವರು. ಪಟ್ಟಿಯಲ್ಲಿ ಇರುವವರೆಲ್ಲ ಮಗುವಿನ ಜೊತೆ ಆಗಲೇ ಒಂದೆರಡು ಸಲ ಕಾಲ ಕಳೆದಿರಬೇಕು. ಜ್ವರದ ದಿನ ಹೊಸ ಮುಖ ತೋರಿಸುವುದು ಕ್ರೂರ. "ನೀನು ಹೇಗೂ ಪಾರ್ಟ್ ಟೈಮ್" ಅಂತ ಪ್ರತಿ ಸಲವೂ ನೀವೇ ರಜೆ ಹಾಕುವ ಹಾಗಾದರೆ, ವಾರಕ್ಕೆ ಮೂರು ದಿನದ ಕೆಲಸದಲ್ಲಿ ಒಂದು ದಿನ ತಪ್ಪಿದರೆ ವಾರದ ಮೂರನೇ ಒಂದು ಭಾಗವೇ ಹೋಯಿತು ಅಂತ ಮನೆಯವರಿಗೆ ಲೆಕ್ಕ ತೋರಿಸಿ.

ಹಂತ 9: ಶುರುವಾದ ಮೇಲೆ

ಮೊದಲ ಕೆಲವು ವಾರ ನಿದ್ದೆ ಏರುಪೇರಾಗಬಹುದು, ಊಟ ಕಡಿಮೆಯಾಗಬಹುದು, ರಾತ್ರಿ ಅಂಟಿಕೊಂಡೇ ಮಲಗಬಹುದು. ಸುಮಾರು ಆರು ವಾರ ಆದ ಮೇಲೆ ಇಬ್ಬರೂ ಕೂತು ನೋಡಿ. ಬಿಡುವಾಗ ಅತ್ತರೂ ಐದು ಹತ್ತು ನಿಮಿಷದಲ್ಲಿ ಆಟಕ್ಕೆ ಹೋಗುತ್ತದೆ, ನೋಡಿಕೊಳ್ಳುವವರ ಹೆಸರನ್ನು ಮನೆಯಲ್ಲಿ ಹೇಳುತ್ತದೆ ಅಂದರೆ ಸರಿ ಹೋಗುತ್ತಿದೆ. ದಿನವಿಡೀ ಮಂಕಾಗಿ ಕೂರುತ್ತದೆ, ತೂಕ ಇಳಿಯುತ್ತಿದೆ ಅಂದರೆ ಗಂಟೆ ಕಡಿಮೆ ಮಾಡಿ ಮತ್ತೆ ಒಗ್ಗಿಸಿ, ಡಾಕ್ಟರಿಗೂ ತೋರಿಸಿ. ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಕಂಡರೆ ನಡುಗುವುದು, ಕಾರಣ ಹೇಳಲಾಗದ ಗಾಯ, ಕೇಳಿದಾಗ ಬೇರೆ ಬೇರೆ ಉತ್ತರ, ನಿಮ್ಮನ್ನು ಒಳಗೆ ಬಿಡಲು ಹಿಂಜರಿಕೆ, ಇವುಗಳಲ್ಲಿ ಒಂದು ಕಂಡರೂ ಆ ದಿನವೇ ಮಗುವನ್ನು ಕರೆದುಕೊಂಡು ಬನ್ನಿ. ಕಟ್ಟಿದ ಹಣದ ಮುಖ ನೋಡಬೇಡಿ.

ಕೆಲಸ ಇಲ್ಲದ ದಿನಗಳನ್ನು ಕಾಪಾಡಿಕೊಳ್ಳಿ. ಆ ದಿನಗಳಿಗಾಗಿಯೇ ನೀವು ಸಂಬಳ ಕಡಿಮೆ ಮಾಡಿಕೊಂಡಿದ್ದು. ಆಫೀಸಿನ ಫೋನ್‌ಗೆ ಉತ್ತರಿಸುವುದು, ಉಳಿದ ಮನೆಗೆಲಸವನ್ನೆಲ್ಲ ಆ ದಿನಕ್ಕೇ ತಳ್ಳುವುದು ಶುರುವಾದರೆ ಮಗುವಿಗೂ ಸಿಗುವುದಿಲ್ಲ, ನಿಮಗೂ ಸಿಗುವುದಿಲ್ಲ. ಆ ದಿನಗಳಲ್ಲೂ ಊಟ, ನಿದ್ದೆಯ ಹೊತ್ತು ಡೇಕೇರಿನದ್ದೇ ಇರಲಿ, ಆಗ ಸೋಮವಾರ ಬೆಳಗ್ಗೆ ಕಷ್ಟ ಆಗುವುದಿಲ್ಲ.

ಮುಂದೆ ಗಂಟೆ ಹೆಚ್ಚಿಸುವಾಗ, ದಿನ ಬದಲಿಸುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನೋಡಿಕೊಳ್ಳುವವರಿಗೆ ಒಂದು ತಿಂಗಳು ಮುಂಚೆ ಹೇಳಿ. ಇರುವ ದಿನಗಳನ್ನು ಮೊದಲು ಅರ್ಧರ್ಧ ಗಂಟೆ ಉದ್ದ ಮಾಡಿ, ಅದಕ್ಕೆ ಮಗು ಒಗ್ಗಿದ ಮೇಲೆ ಹೊಸ ದಿನ ಸೇರಿಸಿ. ಆ ಹೊಸ ದಿನ ಈಗಿರುವ ದಿನಗಳ ಪಕ್ಕದಲ್ಲೇ ಬರಲಿ, ಸಾಧ್ಯವಾದರೆ ಅದೇ ಕೈಗೆ.